ವಫ್ರಾದಲ್ಲಿ ಬೆಂಚು ಹತ್ತಿದ್ದು

ನನ್ನ ಗಂಡನಿಗೆ ನನಗಿಂತ ಮೊದಲೇ ಒಂದು ಬೆಂಚಿನ ಜೊತೆ ಸಂಬಂಧವಾಗಿತ್ತು. ಇದು ನನಗೆ ಗೊತ್ತಾದದ್ದು ಮದುವೆಯಾಗಿ ಕುವೈತಿಗೆ ಬಂದ ಮೊದಲ ಚಳಿಗಾಲದಲ್ಲಿ. ಮೊದಲೇ ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಆಗಲೂ ಅವರನ್ನೇ ಮದುವೆಯಾಗುತ್ತಿದ್ದೆ, ಸ್ವಲ್ಪ ಸತಾಯಿಸಿ ಆಗುತ್ತಿದ್ದೆ, ಅಷ್ಟೇ.

ಸಂಗತಿ ಏನೆಂದರೆ, ಯಶೋಧರ ಓದಿದ್ದು ಉಡುಪಿ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ. ಅಲ್ಲಿಯ ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗರನ್ನು ಸೀನಿಯರುಗಳು ಊಟದ ಹಾಲಿನ ಬೆಂಚಿನ ಮೇಲೆ ಹತ್ತಿಸುತ್ತಿದ್ದರಂತೆ. ಹತ್ತಿದವನು ತನ್ನ ಹೆಸರು, ರೂಮು ನಂಬರು, ಅಪ್ಪನ ಕೆಲಸ ಈ ಮೂರನ್ನು ಗಟ್ಟಿಯಾಗಿ ಹೇಳಬೇಕು. ಅಪ್ಪ ಬೀಡಿ ಬ್ರಾಂಚಿನವನಾಗಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಹೇಳಿ ಇಳಿದವನಿಗೆ ಮಾತ್ರ ಊಟ. ಆ ಹಾಸ್ಟೆಲಿನಿಂದ ಕುವೈತಿಗೆ ಬಂದವರೆಲ್ಲ ವರ್ಷಕ್ಕೊಮ್ಮೆ, ಜನವರಿಯ ಒಂದು ಶುಕ್ರವಾರ, ವಫ್ರಾ ಕಡೆಯ ಒಂದು ತೋಟವನ್ನು ದಿನದ ಬಾಡಿಗೆಗೆ ಹಿಡಿದು ಸೇರುತ್ತಾರೆ. ಅಲ್ಲೂ ಬೆಂಚು ಬಂತು. ಅಪ್ಪನ ಕೆಲಸದ ಜಾಗದಲ್ಲಿ ಈಗ ಅವರವರ ಕೆಲಸ. ನಾವು ತುಳುವರು, ಕೊಂಕಣಿಯವರು, ಬ್ಯಾರಿಗಳು ಎಲ್ಲ ಚಾಪೆಯ ಮೇಲೆ ನಮ್ಮ ನಮ್ಮ ಭಾಷೆಯಲ್ಲಿ ಹರಟುತ್ತಿರುತ್ತೇವೆ. ಬೆಂಚಿನ ಮೇಲೆ ಮಾತ್ರ ಕನ್ನಡ, ಯಾಕೆಂದರೆ ಹಾಸ್ಟೆಲಿನಲ್ಲಿ ಹಾಗಿತ್ತು.

ಮೊದಲ ವರ್ಷ ನನಗೆ ನಗು ತಡೆಯಲಾಗಲಿಲ್ಲ. ಮಕ್ಕಳೊಂದಿಗರಾದ ಗಂಡಸರು ಪ್ಯಾಂಟು ಏರಿಸಿಕೊಂಡು ಬೆಂಚು ಹತ್ತುವುದೆಂದರೆ ಏನು ಹೇಳುವುದು. ಆಮೇಲೆ ವರ್ಷ ವರ್ಷ ನೋಡಿ ನನಗೂ ಅದರ ರುಚಿ ಹತ್ತಿತು. ಹೆಲ್ಪರ್ ಎಂದು ಹೇಳಿ ಇಳಿದವನು ನಾಲ್ಕು ವರ್ಷದ ಮೇಲೆ ಫೋರ್‌ಮನ್ ಎಂದು ಹೇಳಿ ಇಳಿಯುತ್ತಿದ್ದ. ಹವಲ್ಲಿಯ ಒಂದು ಅಂಗಡಿಯ ಮೂಲೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಸಿರಾಜ್ ಈಗ ಅದೇ ಬೀದಿಯಲ್ಲಿ ಮೂರು ಮೊಬೈಲ್ ಅಂಗಡಿ ನಡೆಸುತ್ತಾನೆ. ಎಸಿ ಕಂಪೆನಿಯ ಶೈಲೇಶನ ಹುದ್ದೆಯ ಹೆಸರು ವರ್ಷಕ್ಕೊಂದು ಮೊಳ ಬೆಳೆಯುತ್ತದೆ. ಕಳೆದ ಸಲ ಅದನ್ನು ಹೇಳಿ ಮುಗಿಸಲು ಅವನಿಗೇ ಉಸಿರು ಸಾಲಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಡೊರೊತಿಯ ಕಿವಿಯಲ್ಲಿ ಹೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಡೊರೊತಿ ಜೋಕಿಮಣ್ಣನ ಹೆಂಡತಿ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಈ ಊರಿನಲ್ಲಿ ನನಗೆ ಅವಳಷ್ಟು ಹತ್ತಿರದವರು ಬೇರೆ ಇಲ್ಲ. ನಾನು ಹತ್ತು ಮಾತಾಡುವ ಕಡೆ ಅವಳು ಒಂದು ಮಾತಾಡುತ್ತಾಳೆ, ಆದ್ದರಿಂದ ನಮ್ಮ ಸ್ನೇಹ ಉಳಿದಿದೆ. ಜೋಕಿಮಣ್ಣ ರೂಮು ನಂಬರು ಮೂರು, ಇವರೆಲ್ಲರಿಗಿಂತ ಹಿರಿಯ, ಸಾಲ್ಮಿಯಾದ ಸಮುದ್ರದ ಬದಿಯ ಒಂದು ದೊಡ್ಡ ಹೋಟೆಲಿನಲ್ಲಿ ಚೀಫ್ ಎಂಜಿನಿಯರ್. ರೂಮು ನಂಬರಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಬೆಂಚಿಗೆ ಕರೆಯುವುದು ಅವನ ಕೆಲಸ. ಮೊದಲು ತಾನು ಹತ್ತಿ ಹೇಳಿ ಇಳಿಯುತ್ತಾನೆ, ಆಮೇಲೆ ಉಳಿದವರನ್ನು ಕರೆಯುತ್ತಾನೆ. ಎಲ್ಲವೂ ಬಾಯಿಪಾಠ.

ನಮ್ಮವರು, ಎಂದರೆ ಯಶೋಧರ, ರೂಮು ನಂಬರು ಹದಿನಾಲ್ಕು. ಗಲ್ಫ್ ಯುದ್ಧ ಮುಗಿದು ವರ್ಷವಾದ ಮೇಲೆ ಇಲ್ಲಿಗೆ ಬಂದವರು. ಆಗ ಹವಲ್ಲಿಯ ಕಟ್ಟಡಗಳಲ್ಲಿ ಎಷ್ಟೋ ಲಿಫ್ಟುಗಳು ನಿಂತಲ್ಲೇ ನಿಂತಿದ್ದವಂತೆ, ಒಳಗೆ ಮರಳು, ಸತ್ತ ಪಾರಿವಾಳ. ಅವುಗಳನ್ನು ಮತ್ತೆ ನಡೆಸಿದ ಗುಂಪಿನಲ್ಲಿ ಇವರು ಹೆಲ್ಪರ್. ನಾನು ನೋಡಿದ ಮೊದಲ ಬೆಂಚಿನಲ್ಲಿ ಟೆಕ್ನೀಷಿಯನ್, ಆಮೇಲೆ ಸೂಪರ್‌ವೈಸರ್, ಕೊನೆಗೆ ಸರ್ವಿಸ್ ಮ್ಯಾನೇಜರ್. ಆ ಮಾತು ಹೇಳಿ ಇಳಿದ ವರ್ಷ ಅವರು ನನ್ನ ಕಡೆ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ಮದುವೆ ಮಂಟಪದಲ್ಲೂ ಅಷ್ಟು ಚೆನ್ನಾಗಿ ನೋಡಿರಲಿಲ್ಲ.

ಇಂಥ ಮನುಷ್ಯ ಹೋದ ಡಿಸೆಂಬರಿನಲ್ಲಿ ರಿಟೈರ್ ಆದರು. ಕಂಪೆನಿಯವರು ಕೇಕು ಕತ್ತರಿಸಿದರು, ಗೋಡೆ ಗಡಿಯಾರ ಕೊಟ್ಟರು, ಖಲಾಸ್. ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಮುಗಿಯುವುದು ಮಾರ್ಚಿನಲ್ಲಿ. ಆಮೇಲೆ ಉಡುಪಿಯಲ್ಲಿ ಕೊಂಡಿಟ್ಟ ಫ್ಲ್ಯಾಟಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಹಾಯಾಗಿರಿ ಎಂದು ನಾನೂ ಹೇಳಿದೆ, ಇಲ್ಲೇ ಬ್ಯಾಂಕಿನಲ್ಲಿರುವ ಮಗಳು ಅಶ್ಮಿತಾಳೂ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಹೂಂ ಎಂದರು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಹೋದರು.

ಎಲ್ಲಿಗೆ ಎಂದರೆ ನಮ್ಮದೇ ಕಟ್ಟಡದ ಲಿಫ್ಟಿಗೆ. ಅದರಲ್ಲಿ ಮೇಲೆ ಕೆಳಗೆ ಹೋಗುತ್ತಾ, ಗೋಡೆಗೆ ಕಿವಿ ಇಟ್ಟು ಕೇಳುತ್ತಾ ಇರುತ್ತಿದ್ದರು. ಬಾಗಿಲು ಮುಚ್ಚುವುದು ತಡವಾಗುತ್ತಿದೆ, ಮೂರನೇ ಮಾಳಿಗೆಯಲ್ಲಿ ಒಂದು ಬೆರಳಿನಷ್ಟು ಮೇಲೆ ನಿಲ್ಲುತ್ತಿದೆ ಎಂದು ಕಟ್ಟಡ ಕಾಯುವ ಹಾರಿಸ್‌ನ ತಲೆ ತಿನ್ನುತ್ತಿದ್ದರು. ಒಂದು ದಿನ ಆ ಹಾರಿಸ್, ಪಾಪ, ಮುದುಕ, ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಯಜಮಾನರಿಗೆ ಹುಷಾರಿಲ್ಲವೇ ಎಂದು ಕೇಳಿದ. ನಾನು ನಕ್ಕು ಮೇಲೆ ಬಂದೆ. ಬಂದವಳು ಅಡುಗೆ ಮನೆಯಲ್ಲಿ ನಿಂತು ಅತ್ತೆ. ಇಷ್ಟು ವರ್ಷ ಊರವರನ್ನೆಲ್ಲ ಮೇಲಕ್ಕೆ ಹತ್ತಿಸಿದ ಮನುಷ್ಯನಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇಲ್ಲವಲ್ಲ.

ಜನವರಿ ಬಂತು. ವಫ್ರಾಕ್ಕೆ ತಾನು ಬರುವುದಿಲ್ಲ ಎಂದರು. ಯಾಕೆಂದು ಕೇಳಿದರೆ ಮಂಡಿ ನೋವು ಎಂದರು. ಮಂಡಿ ನೋವಿನವರು ದಿನಕ್ಕೆ ಹತ್ತು ಸಲ ಲಿಫ್ಟಿನಲ್ಲಿ ನಿಂತುಕೊಂಡು ಹೋಗುವುದಿಲ್ಲ ಎಂದು ನಾನು ಹೇಳಿದೆ. ಮಾತು ಬೆಳೆಯಿತು. ನಾನು ಬಾಯಿ ಬಿಟ್ಟರೆ ನಡುವೆ ನಿಲ್ಲಿಸುವವಳಲ್ಲ. ಕೊನೆಗೆ ಅವರೇ ಸೋತು, ಪೇಪರು ಮಡಚಿಟ್ಟು ನಿಜ ಹೇಳಿದರು.

"ಹತ್ತಿ ಎಂತ ಹೇಳುವುದು ಮಾರಾಯ್ತಿ? ಹೆಸರುಂಟು, ನಂಬರುಂಟು. ಮೂರನೆಯದ್ದು ಇಲ್ಲ. ವಿನೀತನನ್ನು ನೀನೂ ನೋಡಿದ್ದಿಯಲ್ಲ."

ನೋಡಿದ್ದೆ. ಕೊರೊನಾ ಕಳೆದ ಮೇಲೆ ನಡೆದ ಮೊದಲ ಕೂಟದಲ್ಲಿ ವಿನೀತ್ ಬೆಂಚು ಹತ್ತಿದ. ಕೆಲಸ ಹೋಗಿತ್ತು, ಯಾರಿಗೂ ಹೇಳಿರಲಿಲ್ಲ. ಹೆಸರು ಹೇಳಿದ, ನಂಬರು ಹೇಳಿದ, ಬಾಯಿ ತೆರೆದುಕೊಂಡು ಹಾಗೇ ನಿಂತ, ಆಮೇಲೆ ಇಳಿದು ಕಾರಿನ ಕಡೆ ನಡೆದ. ಅವನನ್ನು ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಆದರೆ ಅವನು ಮತ್ತೆ ಬರಲಿಲ್ಲ. ಈಗ ನನಗೆ ಹೊಳೆಯಿತು, ವಿನೀತನೊಬ್ಬನನ್ನು ಬಿಟ್ಟರೆ ಇವರಲ್ಲಿ ಕೆಲಸವಿಲ್ಲದೆ ಬೆಂಚು ಹತ್ತಿದವರೇ ಇಲ್ಲ. ಕೆಲಸ ಹೋದವರು ಬರುವುದನ್ನು ಬಿಡುತ್ತಾರೆ. ರಿಟೈರ್ ಆದವರಿಗೆ ಬೇರೆಯೇ ಒಂದು ಸನ್ಮಾನ ಮಾಡಿ, ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಊರಿಗೆ ಕಳಿಸುತ್ತಾರೆ. ಶಾಲು ಹೊದಿಸಿದ ಮೇಲೆ ಆ ನಂಬರನ್ನು ಯಾರೂ ಕರೆಯುವುದಿಲ್ಲ. ಗೌರವ ಎಂದು ಅವರು ತಿಳಿದುಕೊಂಡಿದ್ದಾರೆ. ನನಗೆ ಅದು ಉಣ್ಣುವವನ ಮುಂದಿನ ಎಲೆ ಎತ್ತಿದ ಹಾಗೆ ಕಾಣುತ್ತದೆ.

ಇಷ್ಟು ಗೊತ್ತಾದ ಮೇಲೆ ಇವರನ್ನು ಬಿಟ್ಟರೆ ನಾನು ವಾರಿಜಾ ಅಲ್ಲ. ಹೀಗೆ ಬೆಂಚಿಗೆ ಹೆದರಿ ಊರಿಗೆ ಹೋದರೆ, ಉಡುಪಿಯ ಫ್ಲ್ಯಾಟಿನಲ್ಲೂ ಈ ಮನುಷ್ಯ ಲಿಫ್ಟಿನೊಳಗೇ ಉಳಿಯುತ್ತಾರೆ ಎಂದು ನನಗೆ ಖಚಿತವಾಗಿತ್ತು. ಆದರೆ ಒತ್ತಾಯ ಮಾಡಿದರೆ ಮತ್ತೂ ಗಟ್ಟಿಯಾಗುವ ಜಾತಿ. ನಾನು ಡೊರೊತಿಗೆ ಫೋನು ಮಾಡಿ ಈ ಸಲ ಎಲ್ಲರಿಗೂ ಕೋರಿ ಸುಕ್ಕ ನನ್ನದೇ ಎಂದೆ. ಗುರುವಾರ ಇಡೀ ದಿನ ಕೋಳಿ ತೊಳೆದು, ತೆಂಗಿನಕಾಯಿ ತುರಿದು, ಮಸಾಲೆ ಹುರಿದು, ಎರಡು ದೊಡ್ಡ ಪಾತ್ರೆ ತುಂಬಿಸಿದೆ. ಶುಕ್ರವಾರ ಬೆಳಿಗ್ಗೆ, ನೀವು ಬೆಂಚಿಗೆ ಬರುವುದು ಬೇಡ, ಪಾತ್ರೆ ಹೊರಲು ಬನ್ನಿ, ನನ್ನ ಸೊಂಟ ಮುರಿದರೆ ಉಡುಪಿಯಲ್ಲಿ ನಿಮಗೆ ಅನ್ನ ಹಾಕುವವರು ಯಾರು ಎಂದೆ. ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಹಾಕಿಕೊಂಡರು.

ವಫ್ರಾದಲ್ಲಿ ಹಸಿರುಮನೆಗಳ ಪ್ಲಾಸ್ಟಿಕ್ ಗಾಳಿಗೆ ಪಟಪಟ ಎನ್ನುತ್ತಿತ್ತು, ಚಳಿ ಚೆನ್ನಾಗಿಯೇ ಇತ್ತು. ಸಿರಾಜ್ ತನ್ನ ಪಿಕಪ್‌ನಲ್ಲಿ ಹಸಿರು ಬಣ್ಣದ ಬೆಂಚು ತಂದು ಟೊಮೆಟೊ ಸಾಲುಗಳ ಪಕ್ಕ ಇಟ್ಟಿದ್ದ. ನಮ್ಮವರು ಯಾರ ಮುಖವನ್ನೂ ಸರಿಯಾಗಿ ನೋಡದೆ ಪಾತ್ರೆಗಳನ್ನು ಒಲೆಯ ಬಳಿ ಒಯ್ದಿಟ್ಟು, ಅಲ್ಲೇ ಸೌಟು ಹಿಡಿದು ನಿಂತರು. ಹಾಸ್ಟೆಲಿನ ಸ್ನೇಹಿತರು ಭುಜ ತಟ್ಟಿದರು, ಅಣ್ಣಾ ಹೇಗಿದ್ದೀರಿ ಎಂದರು, ಮುಂದೆ ಏನು ಕೇಳಬೇಕೆಂದು ತಿಳಿಯದೆ ಚಾಪೆಗೆ ಹೋದರು. ನಾನು ಎಲ್ಲವನ್ನೂ ನೋಡುತ್ತಿದ್ದೆ.

ಹನ್ನೊಂದು ಗಂಟೆಯ ಹೊತ್ತಿಗೆ ಬೆಂಚು ಶುರುವಾಯಿತು. ಜೋಕಿಮಣ್ಣ ಮೊದಲು ಹತ್ತಿ, ಜೋಕಿಮ್, ರೂಮು ನಂಬರು ಮೂರು, ಚೀಫ್ ಎಂಜಿನಿಯರ್ ಎಂದು ಹೇಳಿ ಬೇಗ ಇಳಿದ. ಪ್ರತಿ ವರ್ಷ ಹೋಟೆಲಿನ ಹೆಸರನ್ನೂ ಸೇರಿಸಿ ಹೇಳುತ್ತಿದ್ದ, ಈ ಸಲ ಹೇಳಲಿಲ್ಲ. ನಾನು ಅದಕ್ಕೆ ಹೆಚ್ಚು ಲಕ್ಷ್ಯ ಕೊಡಲಿಲ್ಲ. ಆಮೇಲೆ ಐದು, ಆರು, ಒಂಬತ್ತು. ಶೈಲೇಶನ ಹುದ್ದೆ ಇನ್ನೊಂದು ಮೊಳ ಬೆಳೆದಿತ್ತು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಹನ್ನೆರಡು ಆಯಿತು. ಹದಿಮೂರು ಸಿರಾಜ್, ಅವನೂ ಇಳಿದ. ನಾನು ಸೀರೆಯ ನೆರಿಗೆ ಹಿಡಿದುಕೊಂಡು ಕಾದೆ.

ಜೋಕಿಮಣ್ಣ ಹದಿನೈದು ಎಂದು ಕರೆದ.

ಹದಿನೈದನೆಯವನು ಎದ್ದು ಅರ್ಧಕ್ಕೇ ನಿಂತ. ಎಲ್ಲರಿಗೂ ಗೊತ್ತಾಯಿತು. ಒಲೆಯ ಬಳಿ ನಮ್ಮವರು ಪಾತ್ರೆಯೊಳಗೆ ನೋಡುತ್ತಾ ಸೌಟು ತಿರುಗಿಸುತ್ತಲೇ ಇದ್ದರು, ತಿರುಗಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಶೈಲೇಶ್ ಬಗ್ಗಿ, ಅತ್ತಿಗೆ, ಯಶೋಧರಣ್ಣನಿಗೆ ಬೇರೆ ಸನ್ಮಾನ ಉಂಟು, ಶಾಲು ಕಾರಿನಲ್ಲಿದೆ ಎಂದು ಸಮಾಧಾನ ಹೇಳಿದ. ಅವನ ಮಟ್ಟಿಗೆ ಅದು ಒಳ್ಳೆಯ ಮಾತೇ. ಆದರೆ ನನಗೆ ಸಿಟ್ಟು ಬಂತು. ನಾನು ಎದ್ದು ನಿಂತೆ. ಇಷ್ಟು ವರ್ಷದಲ್ಲಿ ಬೆಂಚು ನಡೆಯುವಾಗ ಹೆಂಡತಿಯರು ಎದ್ದು ನಿಂತದ್ದಿಲ್ಲ.

"ಹದಿನಾಲ್ಕು ಎಲ್ಲಿ ಹೋಯ್ತು ಜೋಕಿಮಣ್ಣ?"

ಯಶೋಧರನಿಗೆ ಕಷ್ಟ ಆಗಬಾರದು ಎಂದು ಬಿಟ್ಟೆ ಎಂದು ಜೋಕಿಮಣ್ಣ ತೊದಲಿದ. ಅವರು ಸತ್ತಿಲ್ಲ, ಇಲ್ಲೇ ಸುಕ್ಕ ಬಿಸಿ ಮಾಡುತ್ತಿದ್ದಾರೆ ಎಂದೆ. ಡೊರೊತಿ ನನ್ನ ಕೈ ಹಿಡಿದು ಎಳೆದಳು. ಅವಳ ಕೈ ಯಾಕೆ ಅಷ್ಟು ತಣ್ಣಗಿದೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ನಮ್ಮವರು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟರು. ಬೈರಾಸಿಗೆ ಕೈ ಒರೆಸಿಕೊಂಡರು. ನನ್ನನ್ನು ಬೈಯಲು ಬರುತ್ತಾರೆ ಎಂದೇ ತಿಳಿದೆ. ಅವರು ಬೆಂಚಿನ ಕಡೆ ನಡೆದು, ಸಿರಾಜನ ಹೆಗಲ ಮೇಲೆ ಕೈ ಇಟ್ಟು ಹತ್ತಿದರು. ಮಂಡಿಯಲ್ಲಿ ನಿಜವಾಗಿಯೂ ನೋವಿತ್ತು ಎಂದು ಕಾಣುತ್ತದೆ.

"ಯಶೋಧರ. ರೂಮು ನಂಬರು ಹದಿನಾಲ್ಕು. ಕೆಲಸ ಇಲ್ಲ."

ಅಷ್ಟು ಹೇಳಿ ನಿಂತರು. ನನಗೆ ವಿನೀತ್ ನೆನಪಾದ. ಅಯ್ಯೋ, ನನ್ನ ಹಾಳು ಬಾಯಿಯಿಂದ ಇವರನ್ನು ಹತ್ತಿಸಿ ಇನ್ನಷ್ಟು ಕೆಳಕ್ಕೆ ಇಳಿಸಿದೆನಲ್ಲ ಎಂದುಕೊಂಡೆ. ದೇವರೇ, ಏನಾದರೂ ಹೇಳಿಸು ಎಂದು ಬೇಡಿಕೊಂಡೆ.

ಅವರು ಹೇಳಿದರು, ಮೆಲ್ಲಗೆ, ಕೆಲಸದ ಹುಡುಗರಿಗೆ ವಿವರಿಸುವ ಹಾಗೆ. ಲಿಫ್ಟಿನ ಕೆಲಸ ಚೆನ್ನಾಗಿ ಮಾಡಿದರೆ ಅದು ಯಾರ ಗಮನಕ್ಕೂ ಬರುವುದಿಲ್ಲ ಎಂದರು. ಜನ ಒಳಗೆ ಹೋಗುತ್ತಾರೆ, ಫೋನು ನೋಡುತ್ತಾರೆ, ಹೊರಗೆ ಬರುತ್ತಾರೆ. ಹಗ್ಗ ಹಿಡಿದಿದೆಯೋ ಬ್ರೇಕು ಹಿಡಿದಿದೆಯೋ ಎಂದು ಯೋಚಿಸುವುದಿಲ್ಲ, ಯೋಚಿಸಬಾರದು. ಜುಲೈ ತಿಂಗಳಲ್ಲಿ ಮೇಲಿನ ಮೆಷಿನ್ ರೂಮಿನಲ್ಲಿ ಸ್ಪಾನರ್ ಮುಟ್ಟಿದರೆ ಕೈ ಸುಡುತ್ತದೆ, ಬೈರಾಸು ಸುತ್ತಿಕೊಂಡು ಮುಟ್ಟಬೇಕು ಎಂದರು. ಎಷ್ಟೋ ಸಲ ಯಲ್ಲಾ ಯಲ್ಲಾ ಎಂದು ಕೆಳಗಿನಿಂದ ಅವಸರ ಮಾಡಿದರೂ, ಸರಿಯಾಗುವವರೆಗೆ ಸ್ವಿಚ್ಚು ಹಾಕಲಿಲ್ಲ ಎಂದರು. ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಅದರಲ್ಲಿತ್ತು. ಮನೆಗೆ ಬಂದು ಊಟ ಏನೆಂದು ಮಾತ್ರ ಕೇಳುತ್ತಿದ್ದ ಮನುಷ್ಯ.

"ನಾನು ನೋಡಿಕೊಂಡ ಲಿಫ್ಟಲ್ಲಿ ಇವತ್ತಿನವರೆಗೆ ಒಬ್ಬನೂ ಬಿದ್ದಿಲ್ಲ. ಇಷ್ಟು ವರ್ಷ ದುಡಿದು ನಾನು ಹೋಗಿ ಮುಟ್ಟಿದ್ದು ಅಲ್ಲಿಗೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿರಾಜ್ ತಲೆ ಎತ್ತಿ, ಹವಲ್ಲಿ, ಏಳನೇ ಮಾಳಿಗೆ ಎಂದ. ನಮ್ಮವರಿಗೆ ಅರ್ಥವಾಗಲಿಲ್ಲ. ನನ್ನ ಮನೆ ಏಳನೇ ಮಾಳಿಗೆಯಲ್ಲಿ ಯಶೋಧರಣ್ಣ, ಊರಿಂದ ನನ್ನ ಉಮ್ಮ ಬಂದಾಗ ಗಾಲಿಕುರ್ಚಿಯಲ್ಲಿ ದಿನಾ ಇಳಿಸುತ್ತಿದ್ದೆ, ನಿಮ್ಮದೇ ಲಿಫ್ಟು ಎಂದ. ಆಮೇಲೆ ಶೈಲೇಶ್ ಎದ್ದು, ಸಾಲ್ಮಿಯಾ, ಒಂಬತ್ತನೆಯದು ಎಂದ, ಹುದ್ದೆ ಗಿದ್ದೆ ಏನೂ ಸೇರಿಸಲಿಲ್ಲ. ಹಿಂದಿನಿಂದ ಯಾರೋ ನಾಲ್ಕು ಎಂದರು, ಇನ್ನೊಬ್ಬರು ಹನ್ನೊಂದು ಎಂದರು. ಹೆಂಗಸರೂ ಹೇಳತೊಡಗಿದರು. ಕೆಲವು ಲಿಫ್ಟು ಬೇರೆ ಕಂಪೆನಿಯದ್ದಿರಬಹುದು, ಯಾರು ಕೇಳುತ್ತಾರೆ. ಟೊಮೆಟೊ ತೋಟದ ನಡುವೆ ಅಷ್ಟು ಜನ ತಾವಿರುವ ಮಾಳಿಗೆಗಳನ್ನು ಹೇಳುತ್ತಿದ್ದರೆ ನನ್ನ ಗಂಡ ಬೆಂಚಿನ ಮೇಲೆ ನೆಟ್ಟಗೆ ನಿಂತಿದ್ದರು. ನನಗೆ ಅವರ ಮೇಲೆ ಆವತ್ತು ಬಂದ ಹೆಮ್ಮೆ ಸರ್ವಿಸ್ ಮ್ಯಾನೇಜರ್ ಆದ ದಿನವೂ ಬಂದಿರಲಿಲ್ಲ.

ಅವರು ಇಳಿದರು. ಜೋಕಿಮಣ್ಣ ಹದಿನೈದನ್ನು ಕರೆಯಬೇಕಿತ್ತು, ಕರೆಯಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ತಾನೇ ಬೆಂಚು ಹತ್ತಿದ. ಎರಡನೇ ಸಲ.

"ಜೋಕಿಮ್. ನಂಬರು ಮೂರು. ಬೆಳಿಗ್ಗೆ ಹೇಳಿದ್ದು ಸುಳ್ಳು. ಹೋದ ಮಾರ್ಚಿನಿಂದ ನಂಗೆ ಕೆಲಸ ಇಲ್ಲ, ಡೊರೊತಿಯ ಇಕಾಮಾದಲ್ಲಿ ಇದ್ದೇನೆ." ಅವನು ನಮ್ಮವರ ಕಡೆ ತಿರುಗಿದ. "ನಿನ್ನನ್ನು ಬಿಟ್ಟದ್ದು ನಿಂಗೆ ಕಷ್ಟ ಆಗ್ತದೆ ಅಂತ ಅಲ್ಲ ಯಶೋಧರ. ನೀನು ಹತ್ತಿ ನಿಜ ಹೇಳಿದ್ರೆ ನಂಗೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ ಅಂತ ಗೊತ್ತಿತ್ತು."

ನಾನು ಡೊರೊತಿಯ ಮುಖ ನೋಡಿದೆ. ಮಾರ್ಚಿನಿಂದ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಪ್ರತಿ ಸಲವೂ ಜೋಕಿಮಣ್ಣ ಎಲ್ಲಿ ಎಂದರೆ ಡ್ಯೂಟಿ ಎಂದಿದ್ದಾಳೆ. ಸಿಟ್ಟು ಬರಬೇಕಿತ್ತು. ಗಂಡನ ಮರ್ಯಾದೆಯನ್ನು ಒಬ್ಬಳೇ ಹೊತ್ತುಕೊಂಡು, ಆಸ್ಪತ್ರೆಯಿಂದ ಬಂದು, ನನ್ನಂಥ ಬಾಯಿಬಡುಕಿಗೂ ಬಾಯಿ ಬಿಡದೆ ಇದ್ದವಳನ್ನು ನೋಡಿ ಸಿಟ್ಟು ಎಲ್ಲಿಂದ ಬರಬೇಕು.

ನಮ್ಮವರು ಬೆಂಚಿನ ಪಕ್ಕ ನಿಂತು ಜೋಕಿಮಣ್ಣನ ಕಾಲು ತಟ್ಟಿದರು. ಅದನ್ನು ಬಿಡು, ನೀನು ದುಡಿದು ಎಲ್ಲಿಗೆ ಹೋಗಿ ಮುಟ್ಟಿದ್ದು ಹೇಳು ಎಂದರು. ಜೋಕಿಮಣ್ಣ ಬಾಯಿ ತೆರೆದ. ಅಷ್ಟು ವರ್ಷ ಎಲ್ಲರ ನಂಬರನ್ನು ಬಾಯಿಪಾಠವಾಗಿ ಕರೆದವನಿಗೆ ತನ್ನದೊಂದು ಮಾತು ಹೊರಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ಆಗ ಡೊರೊತಿ ನನ್ನ ಕೈ ಬಿಟ್ಟು ಎದ್ದಳು. ಬೆಂಚಿನವರೆಗೆ ಹೋಗಿ, ಹತ್ತದೆ, ಕೆಳಗೆ ನಿಂತು ಗಂಡನ ಕೈ ಹಿಡಿದುಕೊಂಡು ನಮ್ಮ ಕಡೆ ತಿರುಗಿದಳು.

"ನಾನು ಹೇಳ್ತೇನೆ. ನಮ್ಮ ಬ್ರಯಾನ್ ಹುಟ್ಟಿದ ಆಗಸ್ಟಲ್ಲಿ ಹೋಟೆಲಿನ ಎಸಿಯ ದೊಡ್ಡ ಚಿಲ್ಲರ್ ಕೆಟ್ಟಿತ್ತು. ಇವರು ಮಗುವಿನ ಮುಖ ನೋಡಿದ್ದು ಮೂರನೇ ದಿನ. ಮೈಯೆಲ್ಲ ಎಣ್ಣೆ. ಆದ್ರೆ ಅಷ್ಟು ದೊಡ್ಡ ಹೋಟೆಲಲ್ಲಿ ಒಬ್ಬ ಗೆಸ್ಟಿಗೂ ಸೆಕೆ ಆಗ್ಲಿಲ್ಲ. ಆಗ ನಂಗೆ ಕೋಪ ಬಂದಿತ್ತು. ಅದು ನನ್ನ ಗಂಡ ಮಾಡಿದ ಕೆಲಸ ಅಂತ ಯಾರಿಗಾದ್ರೂ ಹೇಳ್ಬೇಕು ಅಂತ ಆವತ್ತಿಂದ ಕಾಯ್ತಾ ಇದ್ದೇನೆ."

ಅವಳು ನಿಲ್ಲಿಸಲಿಲ್ಲ. ಮುಂದಿನ ವರ್ಷದ್ದು ಹೇಳಿದಳು, ಅದರ ಮುಂದಿನದ್ದು ಹೇಳಿದಳು. ಇಷ್ಟು ವರ್ಷದ ಸ್ನೇಹದಲ್ಲಿ ನಾನು ಕೇಳಿದ ಮಾತಿಗಿಂತ ಹೆಚ್ಚು ಮಾತನ್ನು ಆ ಹೊತ್ತಿನಲ್ಲಿ ಆಡಿದಳು. ಜೋಕಿಮಣ್ಣ ಅವಳ ಕೈ ಹಿಡಿದುಕೊಂಡು ಬೆಂಚಿನ ಮೇಲೆಯೇ ನಿಂತಿದ್ದ, ತನ್ನ ಕತೆಯನ್ನು ತಾನೇ ಮೊದಲ ಸಲ ಕೇಳುವವನ ಹಾಗೆ. ಶೈಲೇಶ್ ಹತ್ತಿರ ಬಂದು, ಅತ್ತಿಗೆ, ಗಂಟೆ ಎರಡಾಯಿತು, ಊಟಕ್ಕೆ ಕರೆಯಲೇ ಎಂದು ಮೆಲ್ಲಗೆ ಕೇಳಿದ. ಕೂತ್ಕೊ ಮಾರಾಯ, ಸುಕ್ಕ ಎಲ್ಲಿಗೂ ಓಡಿ ಹೋಗುವುದಿಲ್ಲ, ಮೊದಲು ಡೊರೊತಿ ಹೇಳಿ ಮುಗಿಸಲಿ ಎಂದೆ.